ಅಮ್ಮ ಹಾಲು ಬಿಡಿಸಿದ್ದು

ತಮ್ಮನಿಗೆ ಒಂದೂವರೆ ವರ್ಷ ತುಂಬಿದಾಗ ಹಾಲು ಬಿಡಿಸಬೇಕೆಂದು ಅಮ್ಮ ನಿಶ್ಚಯಿಸಿದ್ದಳು. ಎದೆಗೆ ಹಚ್ಚಿಕೊಳ್ಳಲೆಂದು ಅಪ್ಪನ ತಾಯಿ, ನಮ್ಮಜ್ಜಿ, ಬೇವಿನೆಲೆ ಅರೆದಿಟ್ಟೂ ಆಗಿತ್ತು. ಆಗ ನಾವು ರಾಜಾಜಿನಗರಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ನಮ್ಮ ಸಾಲಿನಲ್ಲಿ ಎದ್ದಿದ್ದ ಮನೆಗಳು ಆರೋ ಏಳೋ. ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಸೈಟುಗಳು, ಅದರಾಚೆ ರಾಗಿ ಹೊಲ. ನನಗೆ ಒಂಬತ್ತು ವರ್ಷ.

ಆ ವಾರವೇ ಹೊಲದಂಚಿನ ರೈತರ ಮನೆಯ ಸೊಸೆಗೆ ಟೈಫಾಯ್ಡ್ ಬಂದು ಆಸ್ಪತ್ರೆಗೆ ಸೇರಿಸಿದರು. ಅವಳ ಹೆಣ್ಣುಕೂಸಿಗೆ ಮೂರು ತಿಂಗಳು. ಹಸುವಿನ ಹಾಲು ಕುಡಿಸಿದರೆ ಕಕ್ಕುತ್ತಿತ್ತು. ಅವಳ ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಳು.

"ನಿಮ್ಮನೇಲೂ ಮಗು ಐತಲ್ಲವ್ವಾ..." ಎಂದಳು. ಕೂಸನ್ನು ಮುಂದಕ್ಕೆ ಚಾಚಿದಳು. ಅಮ್ಮ ಒದ್ದೆ ಕೈ ಒರೆಸಿಕೊಂಡು, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಅಜ್ಜಿಗೆ ಸಿಟ್ಟು. "ನಮ್ಮೋರಲ್ಲ, ನೆಂಟರಲ್ಲ. ಜ್ವರದ ಮನೆ ಬೇರೆ. ಏನೇ ಮಾಡ್ತಾ ಇದೀಯ?"

"ನೋಡಿ ಅತ್ತೆ, ಹೆಂಗೆ ಕುಡೀತಾ ಇದೆ," ಎಂದಳು ಅಮ್ಮ.

ಅಜ್ಜಿ ಬಂದು ಬಹಳ ಹೊತ್ತು ನೋಡಿದಳು. ಮಾರನೆಯ ಬೆಳಿಗ್ಗೆ ಬೆಳ್ಳುಳ್ಳಿ ಸುಟ್ಟು, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ, "ಎರಡು ಹೊಟ್ಟೆಗೆ ಆಗ್ಬೇಕಲ್ಲ, ತಿನ್ನು," ಎಂದು ಅಮ್ಮನ ತಟ್ಟೆಗೆ ಬಡಿಸಿದಳು.

ತಮ್ಮ ಮಾತ್ರ ಕೂಸಿನ ಕಾಲು ಹಿಡಿದು ಎಳೆಯುತ್ತಿದ್ದ. ಅವನಿಗೆ ಬೇವಿನ ಕಹಿ ತೋರಿಸಲು ಅಮ್ಮ ಈಗ ಒಪ್ಪಲಿಲ್ಲ. ಬೆಳಗಿನ ಒಂದು ಹೊತ್ತು ಅವನಿಗೂ ಕೊಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಅವನು ತಾನಾಗಿಯೇ ಮರೆತು ನನ್ನ ತಟ್ಟೆಯ ದೋಸೆ ಕಿತ್ತುಕೊಳ್ಳತೊಡಗಿದ.

ಏಳೆಂಟು ವಾರಗಳಾದ ಮೇಲೆ ಕೂಸಿನ ತಾಯಿ ಆಸ್ಪತ್ರೆಯಿಂದ ನಮ್ಮ ಮನೆಗೆ ಬಂದಳು. ಕೂದಲು ಉದುರಿತ್ತು, ಎದೆ ಹಾಲು ಬತ್ತಿತ್ತು. ಕೂಸು ಅವಳನ್ನು ಗುರುತಿಸದೆ ಅಮ್ಮನ ಕಡೆಗೆ ವಾಲಿತು. "ವರ್ಷ ತುಂಬೋಗಂಟ ನೀವೇ ಕೊಡಿ ಅಕ್ಕಾ," ಎಂದು ಅತ್ತಳು.

"ಎಷ್ಟು ದಿನ ಅನ್ನೋದು ನನ್ನ ಕೈಲಿಲ್ಲ ಕಣಮ್ಮ, ನಿನ್ನ ಕೈಲಿದೆ. ನೀನು ಹಾಲು ಕೊಡಬಹುದು ಅಂತ ಡಾಕ್ಟರು ಅಂದಿದಾರಲ್ಲ? ಮೊದಲು ನಿನ್ನ ಹತ್ರ ಕುಡೀಲಿ, ಚೀಪ್ತಾ ಇದ್ರೆ ಹಾಲು ಮತ್ತೆ ಇಳಿಯತ್ತೆ. ಆಮೇಲೆ ನಾನಿದೀನಿ," ಎಂದಳು ಅಮ್ಮ.

ಅಂದಿನಿಂದ ದಿನಕ್ಕೆ ನಾಲ್ಕೈದು ಸಲ ಇಬ್ಬರೂ ನಮ್ಮ ನಡುಮನೆಯ ಚಾಪೆಯ ಮೇಲೆ ಕೂರುತ್ತಿದ್ದರು. ಕೂಸು ತಾಯಿಯ ಒಣ ಮೊಲೆಯನ್ನು ಚೀಪಿ ಚೀಪಿ ರೇಗಿ ಕಿರುಚಿದ ಮೇಲೆ ಅಮ್ಮ ಎತ್ತಿಕೊಳ್ಳುತ್ತಿದ್ದಳು. "ಆಗಲ್ಲ ಅಕ್ಕಾ" ಎಂದು ಅವಳು ಅಂದಾಗಲೆಲ್ಲ ಅಮ್ಮ, "ನಾಳೆ ನೋಡೋಣ," ಎನ್ನುತ್ತಿದ್ದಳು. ಮೂರನೆಯ ವಾರದ ಒಂದು ಮಧ್ಯಾಹ್ನ ತಾಯಿಯ ಎದೆ ಚೀಪುತ್ತಿದ್ದ ಕೂಸಿನ ಕಟಬಾಯಿಯಲ್ಲಿ ಬೆಳ್ಳಗೆ ಒಂದು ಹನಿ ಕಂಡಿತು. ಮೊದಲು ಕೂಗಿದವಳು ನಮ್ಮಜ್ಜಿ.

ಆಮೇಲೆ ಅಮ್ಮ ಒಂದೊಂದೇ ಹೊತ್ತು ಬಿಡುತ್ತ ಬಂದು ಪೂರ್ತಿ ನಿಲ್ಲಿಸಿದಳು. ಎದೆ ಕಲ್ಲಿನಂತೆ ಬಿಗಿದು ನೋಯುತ್ತಿತ್ತು. ಹಾಲು ಹಿಂಗಲೆಂದು ಅಜ್ಜಿ ಮಲ್ಲಿಗೆ ಹೂವಿಟ್ಟು ಹಳೆ ಸೀರೆಯಿಂದ ಕಟ್ಟಿದಳು. ಆ ಕಟ್ಟು ಬಿಚ್ಚದೆಯೇ ಅಮ್ಮ ನೀರು ಸೇದಿದಳು, ಅಡಿಗೆ ಮಾಡಿದಳು. ಬಿಡುವಾದೊಡನೆ ಹೊಲದಂಚಿನ ಮನೆಗೆ ಹೋಗಿ, ಕೂಸು ಕುಡಿಯಿತೇ ಎಂದು, ಅದರ ಕಣ್ಣಿಗೆ ಬೀಳದಂತೆ ಹೊರಗಿನಿಂದಲೇ ಕೇಳಿ ಬರುತ್ತಿದ್ದಳು.