ಹಿಲ್ಕಾ ಗರಗಸ ಆರಿಸಿದ್ದು

ನಮ್ಮೂರಲ್ಲಿ ಒಂದು ಗರಗಸ ಕೊಳ್ಳೋಕೆ ಒಂಬತ್ತು ವರ್ಷ ತಗೊಂಡವಳು ಹಿಲ್ಕಾ ಒಬ್ಬಳೇ. ಗಂಡನನ್ನು ಅವಳು ಒಂದೇ ಭಾನುವಾರದಲ್ಲಿ ಆರಿಸಿದ್ದಳಂತೆ. ಮನೆಯನ್ನು ರಸ್ತೆಯಲ್ಲಿ ನಿಂತು ನೋಡಿಯೇ ಕೊಂಡಳಂತೆ. ಚೈನ್ ಗರಗಸ ಮಾತ್ರ ತೀರ್ಮಾನವಾಗಲಿಲ್ಲ. ಅಗ್ಗದ್ದಾ, ದುಬಾರಿಯದ್ದಾ?

ನಾನು ಅವಳ ಜೊತೆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಹಿಲ್ಕಾ ಬಗ್ಗೆ ಯಾರಾದರೂ ಕೇಳಿದರೆ ನಾನು ಮಾತು ನಿಲ್ಲಿಸುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಗುರುವಾರ ಬಟಾಣಿ ಸೂಪು. ಅದನ್ನು ಮುಟ್ಟದ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಮೇಷ್ಟರು ಬೈಯುತ್ತಾರೆ, ಅಮ್ಮಂದಿರು ಫೋನ್ ಮಾಡುತ್ತಾರೆ. ಹಿಲ್ಕಾ ಏನೂ ಹೇಳುತ್ತಿರಲಿಲ್ಲ. ತನ್ನ ಬಟ್ಟಲು ತಂದು ಆ ಮಗುವಿನ ಎದುರು ಕೂತು, ಕಿಟಕಿಯಾಚೆ ನೋಡುತ್ತಾ ತಾನು ತಿನ್ನುತ್ತಿದ್ದಳು. ಮುಗಿದ ಮೇಲೆ ಬಟ್ಟಲು ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ಅಷ್ಟೇ. ಕ್ರಿಸ್‌ಮಸ್ ಬರುವಷ್ಟರಲ್ಲಿ ಮಗು ಎರಡನೇ ಸಲ ಹಾಕಿಸಿಕೊಳ್ಳುತ್ತಿತ್ತು.

ಈಗ ಗರಗಸದ ಕತೆ.

ಹಿಲ್ಕಾಳ ಮನೆಯ ಎಡಕ್ಕೆ ವೇಯೊ, ಬಲಕ್ಕೆ ರೈಮೊ. ಅಣ್ಣತಮ್ಮಂದಿರು. ವೇಯೊ ಬಸ್ಸು ಓಡಿಸಿ ನಿವೃತ್ತನಾದವನು, ರೈಮೊ ಕಾಗದದ ಕಾರ್ಖಾನೆಯಲ್ಲಿದ್ದವನು. ಮೂರೂ ಮನೆಗಳ ಹಿಂದೆ ಅವರಪ್ಪನ ಹಳೆಯ ಕೊಟ್ಟಿಗೆ. ಅಪ್ಪ ತೀರಿಕೊಂಡ ಮೇಲೂ ಅವನ ಗರಗಸ ಅಲ್ಲೇ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಕಾದಾಗ ಇವನು ತಗೊಳ್ಳೋನು, ಬೇಕಾದಾಗ ಅವನು.

ಒಂದು ಶರತ್ಕಾಲ ನೋಡಿದರೆ ಅದರ ಚೈನಿನ ಹಲ್ಲೆಲ್ಲ ಹೋಗಿದೆ. ಯಾರೋ ಕಲ್ಲಿಗೆ ಹೊಡೆದಿದ್ದಾರೆ. ಕಲ್ಲಿಗೆ ಹೊಡೆಯುವುದು ತಪ್ಪಲ್ಲ, ಯಾರ ಕೈಯಲ್ಲೂ ಆಗುತ್ತದೆ. ಆದರೆ ಹೊಡೆದು, ಅರ ಹಾಕಿ ಹರಿತ ಮಾಡದೆ, ಬಾಯಿ ಬಿಡದೆ, ವಾಪಸ್ ಮೊಳೆಗೆ ನೇತುಹಾಕುವುದು ನಮ್ಮೂರಲ್ಲಿ ಕಳ್ಳತನಕ್ಕಿಂತ ಕೀಳು.

"ನಾನಲ್ಲ" ಅಂದ ವೇಯೊ.

"ನಾನೂ ಅಲ್ಲ" ಅಂದ ರೈಮೊ.

ಅವರಿಬ್ಬರ ನಡುವಿನ ಕೊನೆಯ ಮಾತು ಅದು. ಮರುವಾರ ರೈಮೊ ಅಂಗಡಿಯಲ್ಲಿದ್ದ ಅತಿ ದುಬಾರಿ ಮಷೀನು ತಂದು ತನ್ನ ಶೆಡ್ಡಿಗೆ ಬೀಗ ಹಾಕಿದ. ಅದರ ಮರುವಾರ ವೇಯೊ ಸೂಪರ್‌ಮಾರ್ಕೆಟ್ಟಿನಲ್ಲಿ ಹೂಕುಂಡಗಳ ಪಕ್ಕ ಇಟ್ಟಿದ್ದ ಅತಿ ಅಗ್ಗದ್ದನ್ನು ತಂದು ಶೆಡ್ಡಿನ ಬಾಗಿಲು ತೆರೆದೇ ಬಿಟ್ಟ. ಬಸ್ ಸ್ಟಾಪಿನಲ್ಲಿ ಎದುರಾದರೆ ಇಬ್ಬರೂ ವೇಳಾಪಟ್ಟಿ ಓದುತ್ತಿದ್ದರು. ವೇಯೊಗೆ ಅದು ಬಾಯಿಪಾಠ.

ಆ ಚಳಿಗಾಲ ಹಿಲ್ಕಾ ಇಬ್ಬರಿಗೂ ಬೇರೆಬೇರೆಯಾಗಿ ಫೋನ್ ಮಾಡಿದಳು. "ನಾನೂ ಒಂದು ಗರಗಸ ತಗೊಳ್ಬೇಕು. ಯಾವ್ದು ಅಂತ ಗೊತ್ತಾಗ್ತಿಲ್ಲ. ನಿಂದು ತಂದು ತೋರಿಸ್ತೀಯಾ?"

ಇಂಥ ಪ್ರಶ್ನೆಗೆ ಬರುವುದಿಲ್ಲ ಅನ್ನುವ ಗಂಡಸು ನಮ್ಮ ಜಿಲ್ಲೆಯಲ್ಲಿಲ್ಲ. ಇಬ್ಬರೂ ಬಂದರು. ಅವಳ ಅಂಗಳದಲ್ಲಿ ಭೂರ್ಜ ಮರದ ದಿಮ್ಮಿಗಳು ಬಿದ್ದಿದ್ದವು. ಕೊಯ್ದರು, ಕಾಫಿ ಕುಡಿದು ಅವಳು ಕರಿದ ಡೋನಟ್ ತಿಂದರು, ಹೋದರು. ಹಿಲ್ಕಾ ಯೋಚನೆ ಮಾಡಿ ಹೇಳ್ತೀನಿ ಅಂದಳು. ಅಲ್ಲಿಂದ ಪ್ರತಿ ವಸಂತ, ಮೇ ಒಂದರ ಹಬ್ಬಕ್ಕೆ ಮುಂಚಿನ ಶನಿವಾರ, ಅದೇ ಫೋನು. "ಇನ್ನೂ ತೀರ್ಮಾನ ಆಗಿಲ್ಲ. ಇನ್ನೊಂದ್ಸಲ ನೋಡ್ಬೇಕು."

ನಾನು ಮೂರು ಸಲ ಹೋಗಿದ್ದೇನೆ, ಸೌದೆ ಒಟ್ಟೋಕೆ. ಮಾತುಕತೆ ಹೀಗಿರುತ್ತಿತ್ತು.

"ಹಿಲ್ಕಾ, ಆ ಮನುಷ್ಯನಿಗೆ ಹೇಳು" ಅನ್ನುತ್ತಿದ್ದ ವೇಯೊ, ತಮ್ಮ ರೈಮೊ ಮೂರೇ ಮಾರು ದೂರದಲ್ಲಿದ್ದರೂ. "ವರ್ಷಕ್ಕೆ ನಾಲ್ಕು ಮರ ಕೊಯ್ಯೋಕೆ ಅಷ್ಟು ದುಡ್ಡಿನ ಮಷೀನು ಯಾಕೆ ಅಂತ. ಅದೇ ದುಡ್ಡಲ್ಲಿ ನಾನು ಐದು ತರ್ತಿದ್ದೆ."

"ತಂದೇ ಬಿಟ್ಟಿದಾನಲ್ಲ ಅಂತ ಹೇಳು" ಅನ್ನುತ್ತಿದ್ದ ರೈಮೊ. "ಇದು ಮೂರನೇದು."

"ಎರಡನೇದು. ಮೊದಲನೇದು ಚೆನ್ನಾಗೇ ಇದೆ, ಸ್ಟಾರ್ಟ್ ಆಗಲ್ಲ ಅಷ್ಟೇ ಅಂತ ಹೇಳು."

"ಆಯ್ತು" ಅನ್ನುತ್ತಿದ್ದಳು ಹಿಲ್ಕಾ. ಹೇಳುತ್ತಿರಲಿಲ್ಲ. ಯಾರಿಗೂ ಅದು ಕೊರತೆ ಅನಿಸಲಿಲ್ಲ.

ಅವಳು ಕಾಫಿಗೆಂದು ಒಳಗೆ ಹೋದಾಗ ಮಾತ್ರ ತೊಂದರೆ. ಆಗ ಅವರು ನಾಯಿಗೆ ಹೇಳುತ್ತಿದ್ದರು. "ಮುಸ್ತಿ, ದಿಮ್ಮಿ ಉರುಳ್ತಾ ಇದೆ, ಕಾಲು ತೆಗೀ ಅಂತ ಹೇಳು ಅವನಿಗೆ." ಮುಸ್ತಿ ಬಾಲ ಕೂಡ ಆಡಿಸಲಿಲ್ಲ. ರೈಮೊ ಕಾಲು ತೆಗೆದ.

ಊರಲ್ಲಿ ಇದಕ್ಕೆ ಬೇರೆ ಅರ್ಥ. "ಹಿಲ್ಕಾ ಬುದ್ಧಿವಂತೆ ಕಣೆ" ಅನ್ನುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಪೆಂಟಿ. "ಒಂದು ಡೋನಟ್ಟಿಗೆ ವರ್ಷದ ಸೌದೆ. ನಾನು ಅವಳಿಗೆ ಗರಗಸ ಮಾರಿದ್ರೆ ಅವಳಿಗೇ ನಷ್ಟ." ನಾನೂ ಹಾಗೇ ಅಂದುಕೊಂಡಿದ್ದೆ, ಹೆಮ್ಮೆಯಿಂದ.

ಕಳೆದ ಕ್ರಿಸ್‌ಮಸ್ಸಿಗೆ ಹಿಲ್ಕಾ ನಿವೃತ್ತಳಾದಳು. ಶಾಲೆಯವರೆಲ್ಲ ಸೇರಿ ಪೆಂಟಿಯ ಅಂಗಡಿಯ ಉಡುಗೊರೆ ಕಾರ್ಡು ಕೊಟ್ಟೆವು. ಮುಖ್ಯೋಪಾಧ್ಯಾಯಿನಿ ಭಾಷಣ ಮಾಡಿದರು: "ಇನ್ನು ಮೇಲಾದರೂ ನಮ್ಮ ಹಿಲ್ಕಾಗೆ ಒಂದು ಗರಗಸ ಆಗಲಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಐಡಿಯಾ ನನ್ನದೇ. ಹಿಲ್ಕಾ ಕಾರ್ಡನ್ನು ತಿರುಗಿಸಿ ನೋಡಿ "ಥ್ಯಾಂಕ್ಸ್" ಅಂದಳು. ಆಸ್ಪತ್ರೆಯಿಂದ ಬಂದ ಕಾಗದಕ್ಕೆ ಹೇಳುವ ಹಾಗೆ.

ಏಪ್ರಿಲ್‌ನಲ್ಲಿ ಅವಳ ಅಡುಗೆಮನೆಗೆ ಹೋದಾಗ ಕಾರ್ಡು ಫ್ರಿಜ್ಜಿನ ಮೇಲೇ ಅಂಟಿಕೊಂಡಿತ್ತು.

"ಇನ್ನೂ ತಂದಿಲ್ವಾ?"

"ಅಗ್ಗದ್ದು ತಂದ್ರೆ ರೈಮೊ ಮತ್ತೆ ಈ ಅಂಗಳಕ್ಕೆ ಬರಲ್ಲ. ದುಬಾರಿದು ತಂದ್ರೆ ವೇಯೊ ಬರಲ್ಲ."

"ಬರದಿದ್ರೆ ಬಿಡು. ನಿನ್ನ ಸೌದೆ ನೀನೇ ಕೊಯ್ಕೊಳ್ಳೋಕೆ ತಾನೆ ಕೊಟ್ಟಿದ್ದು."

ಅವಳು ಹಿಟ್ಟು ನಾದುತ್ತಿದ್ದಳು. ಏಲಕ್ಕಿ ವಾಸನೆ ಮನೆ ತುಂಬಾ. "ಅವ್ರು ಬೇರೆ ಎಲ್ಲೂ ಒಟ್ಟಿಗೆ ಇರಲ್ಲ" ಅಂದಳು. "ಮಕ್ಕಳ ಮದುವೇಲೂ ಇಲ್ಲ. ವರ್ಷಕ್ಕೆ ಒಂದು ಶನಿವಾರ, ಇಲ್ಲಿ ಮಾತ್ರ. ವೇಯೊಗೆ ಎದೇಲಿ ಸ್ಟೆಂಟ್ ಹಾಕಿದಾರೆ, ಗೊತ್ತಲ್ಲ."

ಗೊತ್ತಿತ್ತು. ನನ್ನ ಕಾಫಿ ಆರಿಹೋಯಿತು. ಎಂಥ ಒಳ್ಳೆ ಉಡುಗೊರೆ ಕೊಟ್ಟುಬಿಟ್ಟೆ ಅಂತ ಆಗ ತಿಳಿಯಿತು.

ಹಿಲ್ಕಾ ಪೆಂಟಿಯ ಅಂಗಡಿಗೆ ಹೊರಟಾಗ ನಾನೂ ಹೋದೆ. ಅವನು ಸಾಲಾಗಿ ಇಟ್ಟಿದ್ದ. ಇದು ಹಗುರ, ಆದರೆ ಎರಡು ಚಳಿಗಾಲ ಕಳೆದರೆ ಆಯಿಲ್ ಸೋರುತ್ತೆ. ಇದು ಎರಡನೇ ಎಳೆತಕ್ಕೆ ಸ್ಟಾರ್ಟ್, ಇಪ್ಪತ್ತು ವರ್ಷ ಬಾಳುತ್ತೆ, ಆದರೆ ಒಂದು ಸ್ಕ್ರೂ ಬಿದ್ದರೂ ಪಟ್ಟಣದ ಸರ್ವೀಸಿಗೇ ಒಯ್ಯಬೇಕು. ಮನೆ ಮಟ್ಟಿಗೆ ಆದ್ರೆ ಮಧ್ಯದ್ದು...

"ಯಾವ್ದು ಶಬ್ದ ಮಾಡಲ್ಲ?" ಅಂದಳು ಹಿಲ್ಕಾ.

ಪೆಂಟಿ ನನ್ನ ಮುಖ ನೋಡಿದ. "ಗರಗಸ ಹಿಲ್ಕಾ ಇದು. ಹೊಲಿಗೆ ಮಷೀನಲ್ಲ."

"ಒಂದು ಮಾತು ಹೇಳೋದಿದೆ. ಕೇಳಿಸ್ಬೇಕು."

ಬ್ಯಾಟರಿಯದ್ದು ತಂದಳು.

ಹಬ್ಬಕ್ಕೆ ಮುಂಚಿನ ಶನಿವಾರ ಇಬ್ಬರೂ ತಮ್ಮ ತಮ್ಮ ಮಷೀನು ಹಿಡಿದು ಬಂದರೆ, ಅಂಗಳದ ನಡುವೆ ಹಿಲ್ಕಾ ಹೊಸದನ್ನು ಹಿಡಿದು ನಿಂತಿದ್ದಾಳೆ. ಶಾಲೆಯ ಬಿಳಿ ಏಪ್ರನ್ನಿನ ಕೆಳಗೆ ಗರಗಸದವರ ದಪ್ಪ ಪ್ಯಾಂಟು.

"ಹಿಲ್ಕಾ, ಏನದು?" ಅಂದ ವೇಯೊ.

"ಗರಗಸ."

"ಪೆಟ್ರೋಲ್ ಎಲ್ಲಿ ಹಾಕ್ತೀಯಾ?"

"ಹಾಕಲ್ಲ."

ವೇಯೊ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ರೈಮೊ ಸತ್ತ ಪ್ರಾಣಿಯನ್ನು ನೋಡುವ ಹಾಗೆ ನೋಡುತ್ತಿದ್ದ. "ಹಲ್ಲುಜ್ಜೋ ಬ್ರಶ್ಶಿಗೆ ಹಾಕ್ತಾರೆ ಬ್ಯಾಟರಿ" ಅಂದ, ಮುಸ್ತಿಗೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ವೇಯೊ ಆಗಲೇ ಗೇಟಿನ ಕಡೆ ತಿರುಗಿದ್ದ.

ಹಿಲ್ಕಾ ಗುಂಡಿ ಒತ್ತಿದಳು. ದಿಮ್ಮಿಗೆ ಚೈನು ಇಟ್ಟಳು. ಸಲೀಸಾಗಿ ಇಳಿಯಿತು, ಇಳಿಯಿತು, ಆಮೇಲೆ ಕೆಳಗೆ ಕಿರ್ರ್ ಅಂತು. ಒಂದು ಕಿಡಿ ಹಾರಿತು. ನಮ್ಮೂರಲ್ಲಿ ಆ ಸದ್ದಿಗೆ ಮಲಗಿದವರೂ ಎದ್ದು ಕೂರುತ್ತಾರೆ.

"ಕಲ್ಲು!" ಅಂದರು ಇಬ್ಬರೂ, ಒಟ್ಟಿಗೆ.

ಅವಳು ಮಷೀನು ನಿಲ್ಲಿಸಿದಳು. ಬ್ಯಾಟರಿಯದ್ದಲ್ಲವೇ, ತಕ್ಷಣ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಹಿಲ್ಕಾ, ಊಟದ ಮೆನು ಓದುವ ದನಿಯಲ್ಲಿ, "ನಾನು ಕಲ್ಲಿಗೆ ಹೊಡೆದೆ" ಅಂದಳು. "ಚೈನು ಹೋಯ್ತು. ನಾನೇ ಹೊಡೆದಿದ್ದು."

ಕೆರೆಯ ಕಡೆ ಎಲ್ಲೋ ಕೊಕ್ಕರೆ ಕೂಗಿತು. ವೇಯೊ ಗೇಟಿನಿಂದ ವಾಪಸ್ ಬಂದು ಚೈನನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಪರವಾಗಿಲ್ಲ ಬಿಡು. ಯಾರಿಗ್ ಬೇಕಾದ್ರೂ ಆಗುತ್ತೆ" ಅಂದ. ಮತ್ತೊಂದು ಹಲ್ಲು ಮುಟ್ಟಿ, "ಹುಲ್ಲಲ್ಲಿ ಕಾಣಲ್ಲ" ಅಂದ.

"ಕಾಣಲ್ಲ" ಅಂದ ರೈಮೊ. "ಕೊಟ್ಟಿಗೆ ಹಿಂದೆ ಇದ್ಯಲ್ಲ, ಚಪ್ಪಟೆದು. ಅದೂ ಹಾಗೇ. ತಾಗೋ ತನಕ ಗೊತ್ತೇ ಆಗಲ್ಲ."

ವೇಯೊ ತಲೆ ಎತ್ತಿದ. ತಮ್ಮನ ಮುಖವನ್ನೇ ನೋಡಿದ. "ಆ ಕಲ್ಲು ಅಲ್ಲಿರೋದು ನಿಂಗೆ ಹೇಗ್ ಗೊತ್ತು?"

ರೈಮೊ ಕೆಂಪಾದ. ಆಮೇಲೆ ಅವನ ಹುಬ್ಬು ಮೇಲಕ್ಕೆ ಹೋಯಿತು. "ನಾನು ಚಪ್ಪಟೆದು ಅಂದ ತಕ್ಷಣ ನಿಂಗೆ ಯಾವ್ದು ಅಂತ ಹೇಗ್ ಗೊತ್ತಾಯ್ತು?"

ನಾನು ಸೌದೆ ಹಿಡಿದು ನಿಂತೆ. ಮುಸ್ತಿ ಒಂದು ಸಲ ಇವನನ್ನು, ಒಂದು ಸಲ ಅವನನ್ನು ನೋಡಿತು. ತನಗೆ ಇನ್ನು ಕೆಲಸವಿಲ್ಲ ಅಂತ ಅದಕ್ಕೇ ಮೊದಲು ಗೊತ್ತಾಗಿರಬೇಕು, ಎದ್ದು ನೆರಳಿಗೆ ಹೋಯಿತು.

"ಅರ ಇದ್ಯಾ?" ಅಂದ ವೇಯೊ ಕೊನೆಗೆ.

"ನನ್ ಹತ್ರ ಯಾವಾಗ್ಲೂ ಇರುತ್ತೆ" ಅಂದ ರೈಮೊ. "ನಿನ್ನ ಹಾಗಲ್ಲ."

ಇಬ್ಬರೂ ಪಕ್ಕದ ದಿಮ್ಮಿಯ ಮೇಲೆ ಕೂತು ಹಿಲ್ಕಾಳ ಚೈನು ಹರಿತ ಮಾಡತೊಡಗಿದರು. "ಅಷ್ಟು ಓರೆ ಹಿಡೀಬೇಡ." "ನಾನು ಹಿಡಿಯೋದೇ ಹೀಗೆ." "ಅದಕ್ಕೇ ನಿನ್ನ ಮಷೀನು ಹಾಗಿರೋದು." "ನಲವತ್ತು ವರ್ಷ ಕಾಗದ ಮಾಡಿದವನು ನಂಗೆ ಕಬ್ಬಿಣ ಹೇಳಿಕೊಡ್ತಾನೆ." ಜಗಳ ನಿಲ್ಲಲಿಲ್ಲ. ಈಗ ನೇರವಾಗಿತ್ತು, ಅಷ್ಟೇ. ಅಗ್ಗದ ಬ್ಯಾಟರಿಯೇ ಸಾಕಿತ್ತು ಅಂದ ಒಬ್ಬ. ತರೋದೇ ಆದ್ರೆ ದುಬಾರಿದು ತರ್ಬೇಕಿತ್ತು ಅಂದ ಇನ್ನೊಬ್ಬ.

ಹಿಲ್ಕಾ ಕಾಫಿ ತರಲು ಹೊರಟಳು. ನಾನು ಹಿಂದೆಯೇ ಹೋದೆ.

"ನಿಂಗೆ ಮೊದ್ಲೇ ಗೊತ್ತಿತ್ತಾ? ಇಬ್ರೂ ಹೊಡೆದಿದ್ರು ಅಂತ?"

"ನನ್ನ ಅಡುಗೆಮನೆ ಕಿಟಕಿ ಕೊಟ್ಟಿಗೆ ಕಡೆಗೇ ಇರೋದು. ಆ ವರ್ಷ ಆ ಸದ್ದು ಎರಡು ಸಲ ಕೇಳಿಸ್ತು, ಒಂದ್ಸಲ ಇವನಿದ್ದಾಗ, ಒಂದ್ಸಲ ಅವನಿದ್ದಾಗ."

"ಮತ್ತೆ ಆಗ್ಲೇ ಹೇಳ್ಬಾರ್ದಿತ್ತಾ?"

"ನಾನು ಹೇಳಿದ್ರೆ ಅದು ಚಾಡಿ" ಅಂದಳು ಹಿಲ್ಕಾ. "ಅವರೇ ಹೇಳ್ಬೇಕಿತ್ತು."

ಬಾಗಿಲ ಹತ್ತಿರ ಹೋದವಳು ಏನೋ ನೆನಪಾದವಳಂತೆ ತಿರುಗಿ ಬಂದು, ತಾನು ಕೊಯ್ದ ದಿಮ್ಮಿಯ ಅಡಿಯಿಂದ ಆ ಕಲ್ಲನ್ನು ಎತ್ತಿಕೊಂಡಳು. ಅಣ್ಣತಮ್ಮಂದಿರು ನೋಡಲೂ ಇಲ್ಲ. ಬೆಳಿಗ್ಗೆ ನಾನು ಬಂದಾಗಿನಿಂದ ಅಂಗಳದಾಚೆಯ ಹಬೆಸ್ನಾನದ ಕೋಣೆಯ, ಅಂದರೆ ಸೌನಾದ, ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ವರ್ಷಗಳಿಂದ ಅದಕ್ಕೆ ಅಡ್ಡ ಇಡುತ್ತಿದ್ದ ಕಲ್ಲು ಎಲ್ಲಿ ಹೋಯಿತು ಅಂತ ನಾನು ಕೇಳಬೇಕೆಂದಿದ್ದೆ, ಮರೆತಿದ್ದೆ.

ಹಿಲ್ಕಾ ಅದನ್ನು ಒಯ್ದು ಸೌನಾದ ಬಾಗಿಲಿಗೆ ಇಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಲೋಟ ತರಲು ಒಳಗೆ ಹೋದಳು.