ಮಾಮ ಹೇಳದೆ ಬಿಟ್ಟದ್ದು

ಐವತ್ತನಾಲ್ಕು ವರ್ಷದ ಗಂಡಸಿನ ಮೊಣಕಾಲು ಹಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಎರಡೂ ಚಿಪ್ಪಿನ ಮೇಲೆ ಕಪ್ಪಗೆ ಹಕ್ಕಳೆ ಕಟ್ಟಿದ ಗಾಯ, ಅಂಚಿನಲ್ಲಿ ಹೊಸ ಚರ್ಮದ ನಸುಗೆಂಪು ಗೆರೆ, ಪಕ್ಕದಲ್ಲೇ ನಿನ್ನೆಯೋ ಮೊನ್ನೆಯೋ ಆದ ಹಸಿ ತರಚು. ಶಾಲೆಗೆ ಹೋಗುವ ತುಂಟ ಹುಡುಗನ ಮೊಣಕಾಲು ತಂದು ಹಿರಿಯನಿಗೆ ಜೋಡಿಸಿದ ಹಾಗೆ. ಡೊಂಬಿವಲಿಯ ನನ್ನ ತವರಿಗೆ ಬಂದು, ಪಂಚೆ ಮಡಚಿ ಕಟ್ಟಿ ಮಾಮ ನೆಲದ ಮೇಲೆ ಕೂತರೆ ಅಮ್ಮ ಒಮ್ಮೆ ಆ ಕಡೆ ನೋಡಿ ಮುಖ ತಿರುಗಿಸುತ್ತಿದ್ದಳು.

"ಎಲ್ಲಿ ಬಿದ್ದದ್ದು?"

"ಎಲ್ಲಿಗೆ ಬೀಳ್ಲಿಕ್ಕುಂಟು ಅಕ್ಕಾ, ನೆಲಕ್ಕೆ" ಎಂದು ಮಾಮ ನಗುತ್ತಿದ್ದರು.

ನಮಗೆ ನಗು ಬರುತ್ತಿರಲಿಲ್ಲ. ಅವರು ಯಾಕೆ ಬೀಳುತ್ತಾರೆಂಬುದು ನಮಗೆಲ್ಲ ಗೊತ್ತೇ ಇದೆ ಅಂದುಕೊಂಡಿದ್ದೆವು.

ಅವರು ಅಮ್ಮನ ಕೊನೆಯ ತಮ್ಮ. ಹದಿನಾರನೆಯ ವಯಸ್ಸಿಗೆ ಉಡುಪಿಯಿಂದ ಬಂದು ಕಲ್ಯಾಣದ ಒಂದು ಶಾಕಾಹಾರಿ ಹೋಟೆಲಿನ ಅಡುಗೆಮನೆ ಸೇರಿದವರು, ಮುಂದೆ ಅದೇ ಅಡುಗೆಮನೆಯ ಉಸ್ತುವಾರಿ ಆದರು. ಟಿಟ್ವಾಳಾದಲ್ಲಿ ಸಣ್ಣ ಫ್ಲ್ಯಾಟು. ಮಕ್ಕಳಿಲ್ಲ. ಸಾಂಬಾರಿನ ಹಬೆ ಮೂಗಿಗೆ ಬಡಿದರೇ ಉಪ್ಪು ಸಾಕೋ ಬೇಕೋ ಹೇಳುತ್ತಿದ್ದರು. ಯಾರ ಮನೆಯಲ್ಲೇ ಉಂಡರೂ ತಮ್ಮ ತಟ್ಟೆ ತಾವೇ ತೊಳೆದು ಒರೆಸಿ ಕವುಚಿ ಇಡುತ್ತಿದ್ದರು. ನನ್ನನ್ನು ಯಾವತ್ತೂ ಹೆಸರು ಹಿಡಿದು ಕರೆದವರಲ್ಲ, 'ಮಗಾ' ಅಷ್ಟೇ. ಒಂದನೇ ಕ್ಲಾಸಿನಲ್ಲಿದ್ದಾಗ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ನನ್ನನ್ನು ಹೆಗಲ ಮೇಲೆ ಎತ್ತಿ ಹಿಡಿದು ಠಾಣೆಯವರೆಗೂ ಇಳಿಸದೆ ತಂದಿದ್ದರು.

ಮತ್ತು ಅವರು ಕುಡಿಯುತ್ತಿದ್ದರು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವಿನಲ್ಲಿ ಆರಂಭವಾಗುತ್ತಿತ್ತು. ಅದು ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೂರು ಸಲ ದೇವರ ಫೋಟೋ ಮುಟ್ಟಿ ಆಣೆ ಮಾಡಿದರು, ಮೂರು ಸಲವೂ ತಪ್ಪಿದರು. ಮಾಮಿ ಒಮ್ಮೆ ಬಟ್ಟೆ ಕಟ್ಟಿಕೊಂಡು ಬಂದು ಏಳು ತಿಂಗಳು ನಮ್ಮ ಮನೆಯಲ್ಲಿದ್ದರು. ನನ್ನ ಮದುವೆಯ ಊಟಕ್ಕೆ ತಾನೇ ಪಾಯಸ ಬಡಿಸುತ್ತೇನೆಂದು ಹಟ ಹಿಡಿದ ಮಾಮ, ಗಂಡಿನ ಕಡೆಯವರ ಸಾಲಿನಲ್ಲಿ ಪಾತ್ರೆ ಸಮೇತ ಬಿದ್ದರು. ಬಿಸಿ ಪಾಯಸ ನನ್ನ ಅತ್ತೆಯವರ ಸೀರೆಯ ಮೇಲೆ ಚೆಲ್ಲಿತು. ಆ ದಿನ ನನಗೆ ಆದ ಅವಮಾನವನ್ನು ನಾನು ಮರೆಯಲಿಲ್ಲ. ಮರೆಯಲು ಪ್ರಯತ್ನವನ್ನೂ ಮಾಡಲಿಲ್ಲ.

ಕೆಲವು ವರ್ಷಗಳ ನಂತರ ಅಮ್ಮನಿಗೆ ಹೊಸ ಸುದ್ದಿ ಬಂತು. ಮಾಮನ ಬಿಲ್ಡಿಂಗಿನಲ್ಲೇ ಇದ್ದ ನಮ್ಮೂರಿನ ಹೆಂಗಸೊಬ್ಬರು ಫೋನಿನಲ್ಲಿ ಹೇಳಿದ್ದು: "ನಿಮ್ಮ ತಮ್ಮ ಬೆಳಿಗ್ಗೆ ಐದೂವರೆಗೇ ಮನೆಯಿಂದ ಹೊರಡ್ತಾರೆ." ಹೋಟೆಲಿನಲ್ಲಿ ಅವರ ಕೆಲಸ ಒಂಬತ್ತಕ್ಕೆ. ಟಿಟ್ವಾಳಾದಿಂದ ಕಲ್ಯಾಣಕ್ಕೆ ಎಷ್ಟು ಹೊತ್ತು ಬೇಕು? ಉಳಿದ ಹೊತ್ತು ಎಲ್ಲಿರುತ್ತಾರೆ? ಅದರ ಮೇಲೆ ಈ ಮೊಣಕಾಲು, ಮೊಣಕೈ. ಮೈಯಿಂದ ಸ್ಪಿರಿಟ್ಟಿನದೋ ಮುಲಾಮಿನದೋ ಘಾಟು.

"ಈಗ ಬೆಳಿಗ್ಗೆಯೇ ಶುರು ಮಾಡಿದ್ದಾನೆ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಬಾಯಿಂದ ವಾಸನೆ ಬರುವುದಿಲ್ಲವಲ್ಲ ಎಂದು ನಾನು ಹೇಳಿದೆ. "ಈಗಿನದ್ದಕ್ಕೆ ವಾಸನೆ ಇರೋದಿಲ್ವಂತೆ ಮಾರಾಯ್ತಿ" ಎಂದಳು. ಮಾಮಿಯನ್ನು ಕೇಳಿದರೆ "ಈಗ ಪರವಾಗಿಲ್ಲ ಅತ್ತಿಗೆ" ಎನ್ನುತ್ತಿದ್ದರು. ಆ ಮಾತನ್ನು ಮಾಮಿಯ ಬಾಯಿಂದ ಇಪ್ಪತ್ತು ವರ್ಷ ಕೇಳಿದ್ದೆವು, ಅದನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ಮಾಮನ ಮಾತಿನಲ್ಲೂ ಒಂದು ಹೊಸ ಚಾಳಿ ಸೇರಿತ್ತು. ಕರೆಂಟು ಹೋಗಲಿ, ಟ್ರೇನು ತಪ್ಪಲಿ, "ಹೋದ ಪಾಯಿಂಟು ಹೋಯ್ತು. ಮುಂದಿನ ಸರ್ವಿಸ್ ನೋಡುವ" ಎನ್ನುತ್ತಿದ್ದರು. ಹೋಟೆಲಿನವರಲ್ಲವೇ, ಗಿರಾಕಿಗಳಿಗೆ ಬಡಿಸುವ ಸರ್ವಿಸ್ ಇರಬೇಕು ಅಂದುಕೊಂಡೆವು.

ಅದೇ ಹೊತ್ತಿಗೆ ಐರೋಲಿಯಲ್ಲಿ ನಾನೂ ನನ್ನ ಗಂಡನೂ ಫ್ಲ್ಯಾಟು ಕೊಂಡೆವು. ಗೃಹಪ್ರವೇಶಕ್ಕೆ ಗಂಡನ ಕಡೆಯವರೆಲ್ಲ ಬರುವವರಿದ್ದರು. ಹಿಂದಿನ ದಿನ ನಾನು ಮಾಮನಿಗೆ ಫೋನ್ ಮಾಡಿದೆ.

"ಮಾಮ, ಬೇಜಾರು ಮಾಡ್ಕೊಳ್ಬೇಡಿ. ನಾಳೆ ನೀವು ಬರೋದು ಬೇಡ. ಮಾಮಿಯನ್ನು ಮಾತ್ರ ಕಳಿಸಿ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅವರ ದನಿ.

"ಆಯ್ತು ಮಗಾ. ನೀನು ಹೇಳಿದ್ದು ಸರಿಯೇ. ಪೂಜೆ ಚೆನ್ನಾಗಿ ಆಗ್ಲಿ."

ಮಾಮಿಯೂ ಬರಲಿಲ್ಲ. ನನಗೆ ಹಗುರವೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಇದಾಗಿ ಐದು ತಿಂಗಳಿಗೆ, ಒಂದು ಶನಿವಾರ ಬೆಳಿಗ್ಗೆ ಮಾಮನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಮಾತ್ರ ಬೇರೆ ಯಾರೋ, ಮರಾಠಿಯಲ್ಲಿ. "ಅಣ್ಣಾ ಪಡ್ಲೇ" ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಬಿದ್ದರು. ಕೈ ಮುರಿದಿದೆ, ಕಲ್ಯಾಣದ ಆಸ್ಪತ್ರೆಗೆ ಬನ್ನಿ. ಮಾಮಿ ಊರಿಗೆ ಹೋಗಿದ್ದರು. ಠಾಣೆಯಲ್ಲಿ ಟ್ರೇನು ಬದಲಿಸಿ ಕಲ್ಯಾಣ ತಲುಪುವವರೆಗೂ ನಾನು ಮನಸ್ಸಿನಲ್ಲೇ ಅವರಿಗೆ ಬೈಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮಂಚದ ಸುತ್ತ ಐದಾರು ಗಂಡಸರು ನಿಂತಿದ್ದರು. ಚಡ್ಡಿ, ಬನಿಯನ್ನು, ಮೈತುಂಬ ಕೆಂಪು ಧೂಳು. ಬೆಳಗಿನ ಒಂಬತ್ತಕ್ಕೆ ಈ ಅವತಾರ! ಕುಡಿತದ ಗೆಳೆಯರು ಎಂದು ಒಂದೇ ನೋಟಕ್ಕೆ ತೀರ್ಮಾನಿಸಿದೆ. ಕೈಗೆ ಆಪರೇಷನ್ ಬೇಕಿತ್ತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಫಾರ್ಮು ಹಿಡಿದು, ಅರಿವಳಿಕೆ ಕೊಡುವ ಮೊದಲು ಎಲ್ಲರನ್ನೂ ಕೇಳುವಂತೆ ಹಿಂದಿಯಲ್ಲಿ ಕೇಳಿದರು: "ಡ್ರಿಂಕ್ಸ್ ಏನಾದ್ರೂ?"

ಮಾಮ ಬಾಯಿ ತೆರೆಯುವ ಮೊದಲೇ ನಾನು ಉತ್ತರಿಸಿದೆ. "ದಿನಾ ಕುಡಿಯುತ್ತಾರೆ. ಮೂವತ್ತು ವರ್ಷದಿಂದ. ಇವತ್ತೂ ಕುಡಿದೇ ಬಿದ್ದಿರಬೇಕು."

ಮಂಚದ ಸುತ್ತ ಇದ್ದವರಲ್ಲೊಬ್ಬ, ರಿಕ್ಷಾ ಓಡಿಸುವವನೆಂದು ಆಮೇಲೆ ತಿಳಿಯಿತು, ನನ್ನನ್ನೂ ಮಾಮನನ್ನೂ ನೋಡಿ ಕೇಳಿದ: "ಕೋಣ್ ಪಿತೋ? ಆಮ್ಚಾ ಅಣ್ಣಾ?" ಯಾರು ಕುಡಿಯೋದು, ನಮ್ಮ ಅಣ್ಣನಾ? ಅವನ ಮುಖದಲ್ಲಿ ಇದ್ದದ್ದು ನಟನೆಯಲ್ಲ. ಅವನು ನಿಜಕ್ಕೂ ಬೆಚ್ಚಿಬಿದ್ದಿದ್ದ.

ಮಾಮ ಕಣ್ಣು ಮುಚ್ಚಿಕೊಂಡಿದ್ದರು. ತೆರೆದು, ನನ್ನನ್ನು ನೋಡದೆ, ಅವರಿಗೆಲ್ಲ ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಸಹೀ ಬೋಲ್ ರಹೀ ಹೈ. ಪೀತಾ ಥಾ." ಇವಳು ಹೇಳಿದ್ದು ನಿಜ, ಮೊದಲು ಕುಡಿಯುತ್ತಿದ್ದೆ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಎರಡು ವರ್ಷ ಆಯ್ತು ಬಿಟ್ಟು. ಬರ್ಕೊಳ್ಳಿ" ಎಂದರು.

ಎರಡು ವರ್ಷ.

ಆ ಗಂಡಸರಲ್ಲಿ ಎಲ್ಲರಿಗಿಂತ ಹಿರಿಯ, ಬಿಳಿ ಮೀಸೆಯವರು, ರೈಲ್ವೆಯಲ್ಲಿ ಟಿಕೆಟ್ ಚೆಕ್ಕರ್ ಆಗಿ ನಿವೃತ್ತರಾದವರು, ಮಾಮನ ಒಳ್ಳೆಯ ಕೈ ಹಿಡಿದು "ಥಾ ನಾ? ಬಸ್" ಎಂದರು. ಮೊದಲಿನ ಮಾತು ತಾನೇ, ಸಾಕು. ಅಲ್ಲಿಗೆ ಆ ಮಾತು ಮುಗಿಯಿತು.

ಮಾಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆ ಟಿಕೆಟ್ ಚೆಕ್ಕರ್ ನನಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು. ಮರಾಠಿಯಲ್ಲಿ ನಿಧಾನವಾಗಿ ಎಲ್ಲ ಹೇಳಿದರು. ಕಲ್ಯಾಣದ ಒಂದು ಮೈದಾನದಲ್ಲಿ ಇವರು ದಿನಾ ಬೆಳಿಗ್ಗೆ ವಾಲಿಬಾಲ್ ಆಡುತ್ತಾರೆ. ಒಂದು ದಿನ ಯಾರೋ ಒಬ್ಬ ಬೆಂಚಿನ ಮೇಲೆ ಬಿದ್ದುಕೊಂಡಿದ್ದ. ಚೆಂಡು ಉರುಳಿ ಅವನ ಹತ್ತಿರ ಹೋಯಿತು. ಎದ್ದು ಒಂದೇ ಏಟಿಗೆ ನೆಟ್ಟಿನ ಮೇಲೆ ಸರಿಯಾಗಿ ಕಳಿಸಿದ. ಅವತ್ತು ಇವರಿಗೆ ಒಬ್ಬ ಕಡಿಮೆ ಇದ್ದ. ಬಾ ಎಂದು ಕರೆದರು. ಹತ್ತು ನಿಮಿಷ ಆಡಿ, ಮರದ ಹಿಂದೆ ಹೋಗಿ ವಾಂತಿ ಮಾಡಿದ.

"ನನಗೆ ವಾಸನೆ ಬಂದಿತ್ತು. ಕೇಳಲಿಲ್ಲ. ನಾಳೆ ಆರಕ್ಕೆ ಬಾ, ಒಬ್ಬ ಕಡಿಮೆ ಇದ್ದೇವೆ ಅಂದೆ ಅಷ್ಟೇ. ಒಂದು ದಿನ ಬಂದ, ಮೂರು ದಿನ ಬರಲಿಲ್ಲ. ಹಾಗೆಯೇ ತಿಂಗಳುಗಟ್ಟಲೆ. ಆಮೇಲೆ ತಾನೇ ಬಾಯಿಬಿಟ್ಟ. ಕೈ ನಡುಗುತ್ತಿತ್ತು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗುಳಿಗೆ ಶುರುವಾಯಿತು. ಇವತ್ತಿನವರೆಗೆ ಬೇರೆಯವರಿಗೆ ಗೊತ್ತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಐರೋಲೀಚೀ ಭಾಚೀ ತೂಚ್ ಕಾ?" ಐರೋಲಿಯ ಸೋದರ ಸೊಸೆ ನೀನೇನಾ?

ಹೌದೆಂದೆ.

"ನಿನ್ನ ಮನೆ ಪೂಜೆಯ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿದ. ಬಾರಿನ ಎದುರು ನಿಂತಿದ್ದೇನೆ, ಏನು ಮಾಡಲಿ ಅಂದ. ಅಲ್ಲೇ ನಿಲ್ಲು ಅಂತ ಹೇಳಿ ಓಡಿದೆ. ಹೊಸ ಶರಟು ಹಾಕಿದ್ದ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ನಿನಗೆ ಅಂತ ಎರಡು ದಿನ ಮೊದಲೇ ಮಾಡಿದ ಮೈಸೂರ್ ಪಾಕ್. ಮೈದಾನಕ್ಕೆ ಕರೆದುಕೊಂಡು ಬಂದೆ. ಸಂಜೆಯವರೆಗೆ ಕೂತಿದ್ದೆವು. ಉಳಿದವರೂ ಬಂದರು. ಪಾಕ್ ನಾವೇ ತಿಂದೆವು ಮಗಳೇ. ತುಂಬ ಚೆನ್ನಾಗಿತ್ತು."

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚೆನ್ನಾಗಿತ್ತು ಎಂದು ನನಗೆ ಗೊತ್ತಾಗಲಿ ಎಂದೇ ಹೇಳಿದರು. ನಾನು ಚಹಾದ ಲೋಟ ಹಿಡಿದುಕೊಂಡು ಕೂತೇ ಇದ್ದೆ. ಹತ್ತೊಂಬತ್ತು ತಿಂಗಳು ಒಂದು ಹನಿ ಮುಟ್ಟದೆ ಇದ್ದ ಮನುಷ್ಯನಿಗೆ ನಾನು ಬರಬೇಡ ಎಂದಿದ್ದೆ. ಆ ದಿನ ಅವರು ಮತ್ತೆ ಬೀಳದಂತೆ ಹಿಡಿದದ್ದು ನಮ್ಮ ಹೆಸರೂ ಗೊತ್ತಿಲ್ಲದ ಜನ.

ಪ್ಲಾಸ್ಟರು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದ ಮಾಮನನ್ನು ಮರುದಿನ ಕೇಳಿದೆ. "ಯಾಕೆ ಹೇಳ್ಲಿಲ್ಲ ಮಾಮ? ಫೋನಲ್ಲಿ ಒಂದು ಮಾತು ಹೇಳಿದ್ರೆ..."

"ಮೂರು ಸಲ ಹೇಳಿದ್ದೇನಲ್ಲ ಮಗಾ. ನಾಲ್ಕನೇ ಸಲ ಹೇಳಿದ್ರೆ ನೀವೆಲ್ಲ ದಿನಾ ನನ್ನ ಮುಖ ನೋಡ್ಲಿಕ್ಕೆ ಶುರು ಮಾಡ್ತಿದ್ರಿ. ಕುಡಿದಿದ್ದಾನಾ, ಇಲ್ವಾ ಅಂತ. ಅಲ್ಲಿ ಯಾರೂ ನನ್ನ ಮುಖ ನೋಡೋದಿಲ್ಲ. ಎಲ್ರೂ ಚೆಂಡು ನೋಡ್ತಾರೆ."

ನಾನು ಆ ಗೆಳೆಯರೆಲ್ಲರ ಎದುರು ಅವರ ಗುಟ್ಟು ಬಿಚ್ಚಿದ್ದೆ. ಅದಕ್ಕೆ ಕ್ಷಮೆ ಕೇಳಲು ಹೊರಟೆ. ಮಾಮ "ಬಿಡು, ಈಗ ಅಲ್ಲಿ ಮುಚ್ಚಿಡ್ಲಿಕ್ಕೆ ಏನೂ ಉಳೀಲಿಲ್ಲ. ಒಳ್ಳೇದೇ ಆಯ್ತು" ಎಂದರು. ಊರಿನಿಂದ ಓಡಿ ಬಂದ ಮಾಮಿ ಬೇರೆಯದೇ ಕಾರಣ ಹೇಳಿದರು. "ಬಾಯಿಬಿಟ್ಟು ಹೇಳಿದ್ರೆ ಎಲ್ಲಿ ಮುರಿದು ಹೋಗ್ತದೋ ಅಂತ ಹೆದರಿಕೆ. ನಾನು ಅವರ ಹತ್ತಿರ ಕೂಡ ಆ ಮಾತು ಎತ್ತಿದವಳಲ್ಲ."

ಕೈ ಕೂಡಿಕೊಂಡ ಮೇಲೆ ಮತ್ತೆ ಮೈದಾನಕ್ಕೆ ಹೋದರು. ನಾನು ಕೆಲವು ಭಾನುವಾರ ಐರೋಲಿಯಿಂದ ಹೋಗಿ ನೋಡಿದ್ದೇನೆ. ಮನೆಯಲ್ಲಿ ತಲೆ ತಗ್ಗಿಸಿ ಮೂಲೆಯಲ್ಲಿ ಕೂರುವ ಮನುಷ್ಯ ಅಲ್ಲಿ ಗಂಟಲು ಬಿಚ್ಚಿ ಕೂಗುತ್ತಿದ್ದರು. ತುಳುವಿನಲ್ಲಿ ಬೈದರೆ ರಿಕ್ಷಾದವನು ಅದೇ ತುಳುವಿನಲ್ಲಿ ತಿರುಗಿ ಬೈಯುತ್ತಿದ್ದ, ಇವರೇ ಕಲಿಸಿದ್ದು. ಆಟ ಮುಗಿದ ಮೇಲೆ ಎಲ್ಲರೂ ಕಟ್ಟೆಯ ಮೇಲೆ ಕೂತು, ಒಬ್ಬನ ಮಗಳ ಮದುವೆ, ಇನ್ನೊಬ್ಬನ ಬೆನ್ನುನೋವು ಎಂದು ಗಂಟೆಗಟ್ಟಲೆ ಮಾತು. ನಮ್ಮ ಮನೆಗಳಲ್ಲಿ ಯಾರಾದರೂ ಮಾಮನನ್ನು ಅಷ್ಟು ಹೊತ್ತು ಮಾತಾಡಿಸಿದ್ದು ನನಗೆ ನೆನಪಿಲ್ಲ.

ಮುಂದಿನ ಎರಡು ವರ್ಷ ಹಾಗೆ ಕಳೆಯಿತು. ಆಮೇಲೆ ಹೊಟ್ಟೆ ಉಬ್ಬಲು ಶುರುವಾಯಿತು, ಕಣ್ಣು ಹಳದಿಯಾಯಿತು. ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕರೆತಂದೆವು. ಲಿವರ್ ಪೂರ್ತಿ ಹೋಗಿದೆ, ಇದು ಬಹಳ ಹಳೆಯ ಹಾನಿ ಎಂದರು. ಬಿಟ್ಟ ಮೇಲೂ ಹೀಗಾಗುತ್ತದೆಯೇ ಎಂದು ನಾನು ಡಾಕ್ಟರನ್ನು ಬೆಪ್ಪಾಗಿ ಕೇಳಿದೆ. ಬಿಡದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ ಎಂದರು ಅವರು. ಮಾಮಿ ತಮ್ಮ ಚೀಲದಿಂದ ಹಳೆಯ ರಿಪೋರ್ಟೊಂದನ್ನು ತೆಗೆದುಕೊಟ್ಟರು. ಗುಳಿಗೆ ಶುರು ಮಾಡಿದಾಗಿನದು. ಲಿವರ್ ಹಾಳಾಗಿದೆ ಎಂದು ಅದರಲ್ಲಿ ಆಗಲೇ ಬರೆದಿತ್ತು. ಮಾಮನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಪ್ರತಿದಿನ ಐದೂವರೆಗೆ ಮನೆ ಬಿಟ್ಟು ಹೋಗಿ, ಬಿದ್ದು, ಎದ್ದು ಆಡಿದ್ದರು.

ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಮೈದಾನದವರು ಸರದಿ ಹಾಕಿಕೊಂಡು ಇಬ್ಬಿಬ್ಬರು ಬರುತ್ತಿದ್ದರು. ಒಂದು ಬೆಳಿಗ್ಗೆ, ಆ ಟಿಕೆಟ್ ಚೆಕ್ಕರ್ ಮುಖ ತೊಳೆಸುತ್ತಿದ್ದಾಗ, ಮಾಮ ಹೋದರು.

ಹದಿಮೂರನೆಯ ದಿನದ ಊಟ ಟಿಟ್ವಾಳಾದ ಮನೆಯಲ್ಲಿ. ಊರಿನಿಂದ ಬಂದಿದ್ದ ನಮ್ಮ ದೊಡ್ಡಪ್ಪ ಕೈ ತೊಳೆದು ಬಂದು, ಎಲ್ಲರಿಗೂ ಕೇಳಿಸುವಂತೆ, "ಏನೇ ಹೇಳಿ, ಕೊನೆಗೂ ಕುಡಿತವೇ ತಿಂದಿತು" ಎಂದರು. ಅವರಿಗೆ ಉತ್ತರ ಕೊಡಬೇಕಾದವಳು ನಾನು. ನಾನು ಬಗ್ಗಿ ಎಂಜಲೆಲೆ ಎತ್ತತೊಡಗಿದೆ. ಅದೇ ಮಾತನ್ನು ನಾನು ಆಸ್ಪತ್ರೆಯಲ್ಲಿ ಎಲ್ಲರ ಎದುರು ಹೇಳಿದ್ದೆನಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಮಿ, ಹಿರಿಯರ ಎದುರು ಜೋರಾಗಿ ಮಾತಾಡಿದವರೇ ಅಲ್ಲ, ಹೇಳಿದರು: "ನಾಲ್ಕು ವರ್ಷ ನಾನು ನನ್ನ ಗಂಡನ ಜೊತೆ ಸಂಸಾರ ಮಾಡಿದ್ದೇನೆ ಭಾವ. ನೀವು ಹೇಳ್ತಾ ಇರೋದು ಅದಕ್ಕಿಂತ ಮೊದಲಿದ್ದವರ ಸುದ್ದಿ. ಇವರನ್ನು ನೀವು ನೋಡ್ಲೇ ಇಲ್ಲ."

ನಾನೂ ನೋಡಿರಲಿಲ್ಲ. ಕಣ್ಣೆದುರೇ ಇದ್ದರೂ ಎರಡು ವರ್ಷ ನೋಡಿರಲಿಲ್ಲ. ಉಳಿದ ಎರಡು ವರ್ಷ, ನಾನು ಮಾಡಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳದೆ, ಅವರು ನನಗೆ ಕೊಟ್ಟದ್ದು. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.