ಹಲಸಿನ ಕಡುಬು ತಿಂದ ಡಾಕ್ಟರು

ಸಾಗರದ ನಮ್ಮ ಡಾಕ್ಟರ ಗದ್ದದ ಮೇಲೆ ದಿನಾ ಬೆಳಿಗ್ಗೆ ಒಂದು ಚೂರು ಹತ್ತಿ ಅಂಟಿರುತ್ತಿತ್ತು. ಹೊಟ್ಟೆ ಕೊಯ್ಯುವಾಗ ಕೂದಲೆಳೆಯಷ್ಟೂ ತಪ್ಪದ ಕೈ, ಸ್ವಂತ ಗಡ್ಡ ಹೆರೆದುಕೊಳ್ಳುವಾಗ ಮಾತ್ರ ನೆಟ್ಟಗೆ ಓಡುತ್ತಿರಲಿಲ್ಲ. "ಬೇರೆಯವ್ರನ್ನಾದ್ರೆ ಮಲಗಿಸಿ ಕುಯ್ತೀನಿ, ನನ್ನನ್ನ ಯಾರು ಮಲಗಿಸ್ತಾರೆ?" ಎಂದು ತಾವೇ ನಗುತ್ತಿದ್ದರು.

ಅದು ಅರವತ್ತರ ದಶಕ. ಮದುವೆಯಾಗಿ ವರ್ಷ ತುಂಬದ ನನಗೆ ಅಪೆಂಡಿಕ್ಸ್ ಒಡೆದು, ಅವರೇ ಆಪರೇಷನ್ ಮಾಡಿದ್ದರು. ಆರನೇ ದಿನ ಅಮ್ಮ ಹೊಸನಗರದಿಂದ ಹಲಸಿನ ಕಡುಬು ತಂದಳು. ಹಲಸು ನಂಜು, ತಿಂದರೆ ಗಾಯ ಕೀವಾಗುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ನನ್ನ ಬಾಡಿದ ಮುಖ ನೋಡಲಾರದೆ ತಂದಿದ್ದಳು. ಆಸ್ಪತ್ರೆಯಲ್ಲಿ ಜೊತೆಗಿದ್ದ ಅತ್ತೆ ಆಚೆ ಹೋದಾಗ ಎರಡು ತಿಂದೆ.

ಮರುದಿನ ಸಂಜೆಯಿಂದ ಚಳಿಜ್ವರ, ಹೊಟ್ಟೆಯಲ್ಲಿ ನೋವು. ವಿಷಯ ತಿಳಿದರೆ ಅತ್ತೆ ಅಮ್ಮನನ್ನು ಜನ್ಮವಿಡೀ ಬಿಡುವವರಲ್ಲ. ನರ್ಸ್ ಥರ್ಮಾಮೀಟರ್ ತರುವ ಹೊತ್ತಿಗೆ ಸರಿಯಾಗಿ ಬಾಯ್ತುಂಬ ತಣ್ಣೀರು ಕುಡಿಯತೊಡಗಿದೆ. ಚಾರ್ಟಿನಲ್ಲಿ ಜ್ವರವೇ ಇಲ್ಲ!

ಜ್ವರ ಶುರುವಾದ ಮೂರನೇ ದಿನ ಡಾಕ್ಟರು ಚಾರ್ಟ್ ನೋಡಿ, ನನ್ನ ನಾಡಿ ಹಿಡಿದರು. "ಜ್ವರ ಇಲ್ಲ, ನಾಡಿ ಮಾತ್ರ ಬಸ್ ತಪ್ಪಿದವ್ರ ಥರ ಓಡ್ತಿದೆ. ಎಂತ ಕಥೆ ತಂಗಿ?" ಎನ್ನುತ್ತ ಹೊಟ್ಟೆಯ ಬಲಗಡೆ ಕೆಳಗೆ ಮೆಲ್ಲಗೆ ಒತ್ತಿದರು. ಕಿರುಚಿಕೊಂಡೆ. ಒಳಗಿನ ಗಂಟು ಅವರ ಬೆರಳಿಗೆ ಸಿಕ್ಕಿತ್ತು. ಅಳುತ್ತಾ ಎಲ್ಲ ಹೇಳಿಬಿಟ್ಟೆ, ಅತ್ತೆ ಬಾಗಿಲಲ್ಲೇ ನಿಂತಿದ್ದನ್ನು ನೋಡದೆ.

ಅಂದೇ ಮತ್ತೆ ಕೊಯ್ದು ಕೀವು ತೆಗೆದು, ಉಳಿದದ್ದು ಸೋರಿಹೋಗಲೆಂದು ರಬ್ಬರ್ ಟ್ಯೂಬ್ ಇಟ್ಟರು. ಇನ್ನೆರಡು ದಿನ ಮುಚ್ಚಿಟ್ಟಿದ್ದರೆ ನಾನು ಉಳಿಯುತ್ತಿರಲಿಲ್ಲವಂತೆ.

ಜ್ವರ ಇಳಿಯಿತು, ಅತ್ತೆಯ ಸಿಟ್ಟು ಇಳಿಯಲಿಲ್ಲ. "ಇವಳಮ್ಮ ತಿನ್ಸಿದ ಕಡುಬಿಂದ್ಲೇ ಇಷ್ಟೆಲ್ಲ ಆಯ್ತು ಡಾಕ್ಟ್ರೇ."

"ಅಲ್ಲಮ್ಮ, ಅಪೆಂಡಿಕ್ಸ್ ಒಡೆದಾಗ್ಲೇ ಹೊಲಸು ಒಳಗೆ ಸೇರಿತ್ತು. ನಂಬಿಕೆ ಇಲ್ವಾ? ನಾಳೆ ನಂಗೂ ಕಡುಬು ತರ್ಲಿ. ನನ್ ಗದ್ದದ ಮೇಲೂ ಗಾಯ ಇದೆಯಲ್ಲ!"

ಮರುದಿನ ಅಮ್ಮ ಕಡುಬಿನ ಡಬ್ಬಿ ತಂದು ಮುಂದೆ ಹಿಡಿದಳು. ಡಾಕ್ಟರು ಅತ್ತೆಯ ಎದುರಿಗೇ ನಿಂತು ನಾಲ್ಕು ತಿಂದರು. ಆಮೇಲೆ ದಿನಾ ಬೆಳಿಗ್ಗೆ ಮೊದಲು ಅತ್ತೆಗೆ ಗದ್ದ ತೋರಿಸಿಯೇ ಬೇರೆ ರೋಗಿಗಳ ಕಡೆ ಹೋಗುತ್ತಿದ್ದರು. ನಾಲ್ಕನೇ ದಿನ, "ನೋಡಿ, ಹಳೇ ಗಾಯ ಮಾಯ್ದಿದೆ. ಇದು ಇವತ್ತಿಂದು," ಎಂದಾಗ ಅತ್ತೆ ಸೋತು ನಕ್ಕುಬಿಟ್ಟರು. "ಸಾಕು ಬಿಡಿ ಡಾಕ್ಟ್ರೇ, ಇನ್ನು ಬೀಗಿತ್ತೀನ ಬೈಯಲ್ಲ."

ಮುಂದೆ ಪ್ರತಿ ವರ್ಷ ಹಲಸಿನ ಕಾಲದಲ್ಲಿ ಅತ್ತೆಯೇ ಕಡುಬು ಮಾಡಿ ಅವರಿಗೆ ಕಳಿಸುತ್ತಿದ್ದರು.

ಡಾಕ್ಟರು ತೀರಿಕೊಂಡ ದಿನ ನಾನೂ ಹೋಗಿದ್ದೆ. ಕಾಯಿಲೆ ಬಿದ್ದ ಮೇಲೆ ಮಗನೇ ಶೇವ್ ಮಾಡುತ್ತಿದ್ದನಂತೆ. ಗದ್ದ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಅದನ್ನು ನೋಡಿ ಅತ್ತುಬಿಟ್ಟೆ.